ಬಾಜೂಸೀಟಿನ ಮೊದಲ ಗಿರಾಕಿಯ ಪರವಾಗಿ ಕುರ್ಡಿ ಕ್ರಾಸಿನ ಅಹವಾಲು

ಮಾನ್ಯ ‘ಬಾಜೂಸೀಟು’ ಆ್ಯಪ್ ಅವರ ಸನ್ನಿಧಿಗೆ,
ವಾಸ: ಎಲ್ಲರ ಅಂಗೈ. ಖಾಯಂ ವಿಳಾಸ: ಹುಡುಕಿದರೂ ಸಿಕ್ಕಿಲ್ಲ.

ವಿಷಯ: ಕುರ್ಡಿಯ ದುರುಗಮ್ಮನವರ ಖಾತೆಗೆ ಜಡಿದ ಬೀಗ ತೆಗೆಯುವ ಬಗ್ಗೆ, ಹಾಗೂ ತಿಮ್ಮವ್ವನವರ ಕೆಲಸ ಉಳಿಯಲು ಒಂದೇ ಒಂದು ಸಾಲು ಬರೆದುಕೊಡುವ ಬಗ್ಗೆ.

ಮಾನ್ಯರೇ,

ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ ನಲವತ್ತೆರಡು ಡಿಗ್ರಿಯಲ್ಲಿ ಬೇಯುತ್ತಿರುವ ರಾಯಚೂರು ಜಿಲ್ಲೆಯ, ಮಾನ್ವಿ ತಾಲ್ಲೂಕಿನ, ಕುರ್ಡಿ ಗ್ರಾಮದ ಸಮಸ್ತ ಕಾಲ್ನಡಿಗೆಯವರ ಪರವಾಗಿ ತಮಗೆ ಶರಣಾರ್ಥಿ, ಜೈಭೀಮ್, ಸಲಾಂ ಮತ್ತು ನಮಸ್ಕಾರ. ತಮ್ಮ ಜಾತಿ ಮತ ಯಾವುದೆಂದು ತಾವು ಎಲ್ಲಿಯೂ ನಮೂದಿಸಿಲ್ಲವಾದ್ದರಿಂದ ನಾಲ್ಕನ್ನೂ ಒಟ್ಟಿಗೇ ಕಳಿಸುತ್ತಿದ್ದೇನೆ. ಹೊಂದುವುದನ್ನು ಇಟ್ಟುಕೊಂಡು ಉಳಿದದ್ದನ್ನು ಬಾಜೂದವರಿಗೆ ದಾಟಿಸಬೇಕಾಗಿ ಕೋರುತ್ತೇನೆ. ತಾವು ಸದಾ ಬ್ಯಾಟರಿ ತುಂಬಿಕೊಂಡು, ನೆಟ್‌ವರ್ಕು ಸಿಗುವ ಎತ್ತರದ ಜಾಗದಲ್ಲಿ, ಯಾರ ಕೈಯಿಂದಲೂ ಜಾರದೆ ಸುಖವಾಗಿರಬೇಕೆಂಬುದು ನಮ್ಮೆಲ್ಲರ ಹಾರೈಕೆ.

ನಾನು ತಾಯಣ್ಣ, ಹಿರೇಕೊಟ್ನೆಕಲ್ಲಿನಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುವ ಮಾಸ್ತರ. ಸಂಘಟನೆಯ ದಿನಗಳಿಂದಲೂ ನಮ್ಮ ಕೇರಿಯ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೇ ಬಂದಿರುವುದರಿಂದ ತಹಶೀಲ್ದಾರರಿಗೆ, ಕರೆಂಟಿನ ಕಚೇರಿಗೆ, ನೀರಿನ ಟ್ಯಾಂಕಿನ ಗುತ್ತೇದಾರರಿಗೆ ಬರೆದು ಬರೆದು ಕೈ ಪಳಗಿದೆ. ಅವರೆಲ್ಲ ಕನಿಷ್ಠ ಪಕ್ಷ ದುಂಡು ಸೀಲು ಒತ್ತಿ, ಸಹಿ ಮಾಡಿ, ಮರ್ಯಾದೆಯಿಂದ ಅರ್ಜಿಯನ್ನು ಕಳೆದುಹಾಕುತ್ತಿದ್ದರು. ತಮ್ಮ ಸಹಾಯವಾಣಿಗಾದರೋ ಹನ್ನೊಂದು ಸಲ ಫೋನು ಮಾಡಿದೆ; ಹನ್ನೊಂದು ಸಲವೂ ಒಬ್ಬ ಹೆಣ್ಣುಮಗಳ ಸಿಹಿ ದನಿ ‘ತಮ್ಮ ಕರೆ ನಮಗೆ ಅಮೂಲ್ಯ’ ಎಂದು ಹೇಳಿ, ಅಮೂಲ್ಯವಾದ ಒಡವೆಯನ್ನು ಟ್ರಂಕಿನ ತಳಕ್ಕೆ ಇಡುವ ಹಾಗೆ ನನ್ನ ಕರೆಯನ್ನು ತಳಕ್ಕೆ ಇಟ್ಟುಬಿಟ್ಟಿತು. ಹೀಗಾಗಿ ನಾಲ್ಕು ಜನ ಓದುವ ಜಾಗದಲ್ಲಿ ಈ ಪತ್ರ ಬರೆಯುವ ಉದ್ಧಟತನ ಮಾಡಿದ್ದೇನೆ, ಮನ್ನಿಸಬೇಕು.

ಮೊದಲಿಗೆ ತಮ್ಮನ್ನು ಹೊಗಳುವುದು ನನ್ನ ಕರ್ತವ್ಯ. ತಾವು ನಮ್ಮ ಜಿಲ್ಲೆಯಲ್ಲಿ ಅವತರಿಸಿದ ದಿನ ರಾಯಚೂರಿನ ಸ್ಟೇಷನ್ ರಸ್ತೆಯ ತಂಪು ಸಭಾಂಗಣದಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಾರಿಟ್ಟವರು ದಿನಾ ಒಬ್ಬೊಬ್ಬರೇ ಹೋಗುತ್ತಾರೆ, ಮೂರು ಸೀಟು ಖಾಲಿ ಓಡುತ್ತವೆ, ಅದೇ ದಾರಿಯಲ್ಲಿ ಜನ ಬಸ್ಸಿಗಾಗಿ ಕಾಯುತ್ತಾ ನಿಂತಿರುತ್ತಾರೆ, ಇಬ್ಬರನ್ನೂ ಫೋನಿನಲ್ಲಿ ಕೂಡಿಸಿಬಿಟ್ಟರೆ ಆಯಿತು ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದಿರಿ. ‘ನಿಮ್ಮ ಬಾಜೂಸೀಟು ಖಾಲಿ ಇರಬಾರದು’ ಎಂಬ ಘೋಷಣೆ ಕೇಳಿ ನನಗೆ ಎದ್ದು ನಿಂತು ಹಲಗೆ ಬಾರಿಸಬೇಕೆನಿಸಿತು. ಏಕೆಂದರೆ ಮಾನ್ಯರೇ, ಬಾಜೂದಲ್ಲಿ ಯಾರನ್ನು ಕೂಡಿಸಿಕೊಳ್ಳಬೇಕು, ಯಾರನ್ನು ಕೂಡಿಸಿಕೊಳ್ಳಬಾರದು ಎಂಬ ಒಂದೇ ಪ್ರಶ್ನೆಯ ಮೇಲೆ ಈ ದೇಶ ಸಾವಿರಾರು ವರ್ಷ ಜಗಳವಾಡಿದೆ. ನಾವು ಅದಕ್ಕಾಗಿ ಜಾಥಾ ಹೋದೆವು, ಲಾಠಿ ತಿಂದೆವು, ಗಂಟಲು ಹರಿದುಕೊಂಡು ಹಾಡಿದೆವು. ತಾವು ಅದನ್ನು ನಾಲ್ಕಂಕಿಯ ಓಟಿಪಿಯಲ್ಲಿ ಮುಗಿಸುವುದಾಗಿ ಹೇಳಿದಿರಿ. ಇಷ್ಟು ಸುಲಭವೆಂದು ಗೊತ್ತಿದ್ದರೆ ನಾವು ಗಂಟಲಾದರೂ ಉಳಿಸಿಕೊಳ್ಳುತ್ತಿದ್ದೆವು.

ಆಮೇಲೆ ತಾವು ಮೊದಲ ಬಳಕೆದಾರರನ್ನು ಹುಡುಕಲು ಹೊರಟಿರಿ. ಅದಕ್ಕೆಂದೇ ನೇಮಕವಾಗಿದ್ದ ತಮ್ಮ ಪ್ರತಿನಿಧಿ ಶ್ರೀ ಆನಂದ ಅವರು ಏಪ್ರಿಲ್ ಬಿಸಿಲಿನಲ್ಲಿ ಕೊರಳಿಗೆ ಟೈ ಬಿಗಿದು, ಅದರ ಮೇಲೆ ಗುರುತಿನ ಚೀಟಿ ಇಳಿಬಿಟ್ಟುಕೊಂಡು ತಾಲ್ಲೂಕು ತಾಲ್ಲೂಕು ತಿರುಗಿದರು. ದೇವದುರ್ಗದಲ್ಲಿ ಆ್ಯಪ್ ಇಳಿಸಿಕೊಂಡವರಿಗೆಲ್ಲ ಸ್ಟೀಲಿನ ನೀರಿನ ಬಾಟಲಿ ಎಂದು ಸಾರಿದ್ದರಿಂದ ಒಂದೇ ಮಧ್ಯಾಹ್ನದಲ್ಲಿ ಸಾವಿರದ ಇನ್ನೂರು ಜನ ತಮ್ಮನ್ನು ಅಂಗೈಗೆ ಇಳಿಸಿಕೊಂಡರು. ಸಂಜೆಯ ಹೊತ್ತಿಗೆ ಬಾಟಲಿ ಮನೆಯಲ್ಲಿತ್ತು, ತಾವು ಫೋನಿನಲ್ಲಿರಲಿಲ್ಲ. ಅವರಲ್ಲಿ ಒಬ್ಬನಾದ ಟಂಟಂ ಆಟೊ ಓಡಿಸುವ ಯಂಕಣ್ಣನನ್ನು ಆನಂದ ಅವರು ಹಿಡಿದು ನಿಲ್ಲಿಸಿ ಯಾಕೆ ಅಳಿಸಿದಿರಿ ಎಂದು ಕೇಳಿದ್ದಕ್ಕೆ ಅವನು, ‘ನನ್ನ ಗಾಡ್ಯಾಗ ಹನ್ನೆಲ್ಡ್ ಮಂದಿ ಕುಂಡ್ರತಾರ ಸರ, ನಿಮ್ಮ ಫೋನ್ನ್ಯಾಗ ನಾಕ ಮಂದಿ ಕುಂಡ್ರತಾರಂತ, ಯಾರ್ ಆ್ಯಪ್ ದೊಡ್ಡದು ನೀವ ಹೇಳ್ರಿ’ ಎಂದನಂತೆ. ಬಾಟಲಿ ಮಾತ್ರ ಭಾಳ ಚಲೋ ಅದ ಎಂಬ ಪ್ರಶಂಸೆಯನ್ನೂ ಸೇರಿಸಿದನೆಂದು ಕೇಳಿದ್ದೇನೆ, ತಮ್ಮ ಕಡತಕ್ಕೆ ಸೇರಲಿ.

ಹೀಗೆ ಸೋತ ಆನಂದ ಅವರು ಮಾನ್ವಿಗೆ ಹೋಗುವ ದಾರಿಯಲ್ಲಿ ನಮ್ಮ ಕುರ್ಡಿ ಕ್ರಾಸಿನ ನೂರ್ ಬೀಯ ಚಹಾದಂಗಡಿಯ ನೆರಳಿಗೆ ಬಂದು ಕುಸಿದರು. ಅಲ್ಲಿಯೇ ತಮ್ಮ ಭಾಗ್ಯದ ಬಾಗಿಲು ತೆರೆಯಿತು. ನಮ್ಮ ಕೇರಿಯ ದುರುಗಮ್ಮ ಕೆಲಸ ಮುಗಿಸಿ ಬಸ್ಸಿಳಿದು ನಿಂತಿದ್ದಳು. ದುರುಗಮ್ಮ, ತಿಮ್ಮವ್ವ ಮತ್ತು ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ರಾಯಚೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಆಯಾಗಳು. ಮುಂಜಾನೆ ಏಳಕ್ಕೆ ಹೆಬ್ಬೆಟ್ಟಿನ ಯಂತ್ರ ಒತ್ತಬೇಕು. ಕ್ರಾಸಿನಲ್ಲಿ ಸಿಗುವ ಮೊದಲ ಬಸ್ಸು ರಾಯಚೂರು ಮುಟ್ಟುವಾಗ ಏಳೂ ಕಾಲು ದಾಟಿರುತ್ತದೆ. ಮೂರು ಸಲ ತಡವಾದರೆ ಹೆಸರು ಹೊಡೆಯುತ್ತಾರೆ, ಹಳೆಯ ತಡವನ್ನು ಯಾರೂ ಅಳಿಸುವುದಿಲ್ಲ. ಆಗಲೇ ದುರುಗಮ್ಮನಿಗೆ ಒಂದು ತಡ, ತಿಮ್ಮವ್ವನಿಗೆ ಎರಡು ತಡ ಬಿದ್ದಿದ್ದವು. ‘ಯಪ್ಪಾ, ಏನು ಮಾರಾಕತ್ತೀರಿ?’ ಎಂದು ದುರುಗಮ್ಮ ಕೇಳಿದಳು. ‘ಮಾರಲ್ಲಮ್ಮ, ಗಾಡಿ ತರಿಸಿಕೊಡ್ತೇವೆ’ ಎಂದರು ಆನಂದ. ‘ಏಳಕ್ಕಿಂತ ಮದ್ಲ ರಾಯಚೂರಿಗಿ ಮುಟ್ಟತದೇನ್ರಿ?’ ಎಂದಳು. ಜಿಲ್ಲೆಯಲ್ಲೆಲ್ಲ ಬಾಟಲಿ ಕೇಳದೆ ಗಾಡಿ ಕೇಳಿದ ಮೊದಲ ವ್ಯಕ್ತಿ ಅವಳು. ಆನಂದ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೂರ್ ಬೀ ನೋಡಿದ್ದಾಳೆ, ಅವಳು ಈಗಲೂ ಅದನ್ನು ಒಲೆಯ ಹೊಗೆಯೆಂದು ಒಪ್ಪುವುದಿಲ್ಲ.

ಆಗ ದುರುಗಮ್ಮ ಸೆರಗಿನ ಗಂಟಿನಿಂದ ಫೋನು ತೆಗೆದಳು. ಈ ಫೋನಿನ ವಂಶಾವಳಿಯನ್ನು ತಾವು ಕೇಳಲಿಲ್ಲ, ಎಲ್ಲ ಅನರ್ಥಕ್ಕೂ ಅದೇ ಮೂಲವಾದ್ದರಿಂದ ಹೇಳುತ್ತೇನೆ. ಅದು ನಾಲ್ಕು ಮನೆಯವರು ಕೂಡಿ ಕೊಂಡದ್ದು. ಎತ್ತು, ರುಬ್ಬುವ ಯಂತ್ರ, ಮದುವೆಯ ದೊಡ್ಡ ಪಾತ್ರೆ ಹೇಗೋ ಹಾಗೆ ನಮ್ಮ ಓಣಿಯಲ್ಲಿ ಫೋನಿಗೂ ಪಾಳಿ ಇದೆ. ಇವತ್ತು ದುರುಗಮ್ಮನ ಮನೆಯಲ್ಲಿದ್ದರೆ ನಾಳೆ ತಿಮ್ಮವ್ವನ ಮನೆ. ಯಾರ ಪಾಳಿಯೋ ಅವರು ಉಳಿದ ಮೂವರನ್ನು ಎಬ್ಬಿಸಬೇಕು, ಗಾಡಿ ಕರೆಯಬೇಕು, ಬ್ಯಾಟರಿ ತುಂಬಿಸಿ ಮುಂದಿನ ಮನೆಗೆ ಒಪ್ಪಿಸಬೇಕು. ಆನಂದ ಅವರು ಎದುರಿಗಿದ್ದ ದುರುಗಮ್ಮನ ಫೋಟೋ ಹಿಡಿದು, ಹೆಸರು ತುಂಬಿ, ‘ಕುರ್ಡಿ ಮಾರ್ಗದ ಪ್ರಥಮ ಬಳಕೆದಾರರು’ ಎಂದು ಅಭಿನಂದಿಸಿ, ‘ಇಲ್ಲಿ ಬಾಜೂಸೀಟು ನಿಲ್ಲುತ್ತದೆ’ ಎಂಬ ನೀಲಿ ಹಲಗೆಯನ್ನು ಚಹಾದಂಗಡಿಗೆ ತೂಗುಹಾಕಿ ಹೋದರು. ಅಂದು ತಾವು ಸಂಪಾದಿಸಿದ್ದು ನಾಲ್ವರು ಬಳಕೆದಾರರನ್ನು. ತಮ್ಮ ಪಟ್ಟಿಯಲ್ಲಿ ಬರೆದುಕೊಂಡದ್ದು ಒಬ್ಬರನ್ನು. ನಮ್ಮ ಕೇರಿಯನ್ನು ಹೀಗೆ ಕಡಿಮೆ ಎಣಿಸಿದವರಲ್ಲಿ ತಾವು ಮೊದಲಿಗರೇನಲ್ಲ, ಬೇಸರ ಬೇಡ.

ಮರುದಿನ ಮುಂಜಾನೆ ದುರುಗಮ್ಮ ತನ್ನ ಮನೆಯ ಮುಂದೆಯೇ ತಮ್ಮ ಕೆಂಪು ಸೂಜಿ ಚುಚ್ಚಿ ಗಾಡಿ ಕರೆದಳು. ಒಂದು ಗಾಡಿ ಒಪ್ಪಿತು, ನಕ್ಷೆಯಲ್ಲಿ ‘ಅಂಬೇಡ್ಕರ್ ನಗರ’ ಎಂದು ಓದಿದ ಮೇಲೆ ಒಲ್ಲೆನೆಂದಿತು. ಎರಡನೆಯದೂ ಹಾಗೆಯೇ. ನಾಲ್ಕನೆಯದು ಒಲ್ಲೆನೆಂದಾಗ ಹೆಣ್ಣುಮಕ್ಕಳು ಫೋನು ಕೆಟ್ಟಿದೆಯೆಂದು ಹೊಡೆದು ನೋಡಿದರಂತೆ. ಕ್ರಾಸಿಗೆ ಬಂದಾಗ ನೂರ್ ಬೀ ವಿಷಯ ಕೇಳಿ, ‘ಏ ದುರುಗವ್ವಾ, ಫೋನ್‌ಗಿ ಯಾಕ ಹೊಡಿತಿ ಬೇ? ಆ ಸೂಜಿ ಕಿತ್ತಿ ತಂದು ನನ್ನ ಅಂಗಡಿ ಮುಂದ ಚುಚ್ಚು’ ಎಂದಳು. ಚುಚ್ಚಿದಳು. ಮೂರು ನಿಮಿಷದಲ್ಲಿ ಗಾಡಿ ಬಂತು. ಅದೇ ಹೆಣ್ಣುಮಗಳು, ಅದೇ ಫೋನು, ಅದೇ ಊರು. ನಡುವೆ ಮುನ್ನೂರು ಹೆಜ್ಜೆ. ಆ ಮುನ್ನೂರು ಹೆಜ್ಜೆ ಯಾವುವೆಂದು ತಮ್ಮ ಉಪಗ್ರಹಕ್ಕೆ ತಿಳಿದಿಲ್ಲದಿದ್ದರೆ ನನ್ನ ಏಳನೆಯ ತರಗತಿಯ ಮಕ್ಕಳನ್ನು ಕಳಿಸಿಕೊಡುತ್ತೇನೆ, ಅವರು ಪಾಠ ಹೇಳುತ್ತಾರೆ.

ಬಂದ ಗಾಡಿ ಯಾರದು ಎನ್ನುತ್ತೀರಿ? ನಮ್ಮೂರ ದೊಡ್ಡ ಮನೆಯ ಪ್ರಭುರಾಜ ಅವರದು. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಅವರದು ಕಾಳಿನ ದಲ್ಲಾಳಿಯ ಅಡತಿ ಅಂಗಡಿ, ದಿನಾ ಆರಕ್ಕೆ ಹೊರಡುತ್ತಾರೆ. ಅವರ ಹೊಲದಲ್ಲಿ ಕಳೆ ತೆಗೆದ ಕೈಗಳೇ ಅಂದು ಅವರ ಗಾಡಿಯ ಬಾಗಿಲಿಗೆ ಬಂದವು. ಕಿಟಕಿ ಇಳಿಸಿ ನೋಡಿದರು, ಮುಖ ಸಣ್ಣದಾಯಿತು. ಆದರೆ ವಾರದಲ್ಲಿ ಮೂರು ಸಲ ಒಲ್ಲೆನೆಂದವರಿಗೆ ‘ಬಂಗಾರದ ಸವಾರ’ ಎಂಬ ಬಿಲ್ಲೆ ಸಿಗುವುದಿಲ್ಲವೆಂದೂ, ಬಿಲ್ಲೆ ಸಿಕ್ಕವರ ಫೋಟೋವನ್ನು ರಾಯಚೂರಿನ ಕಚೇರಿಯ ಗೋಡೆಗೆ ಹಾಕುತ್ತೀರೆಂದೂ ತಾವು ಸಾರಿದ್ದಿರಿ. ಪ್ರಭುರಾಜ ಅವರು ಅದಾಗಲೇ ಫೋಟೋ ತೆಗೆಸಿ ಇಟ್ಟಿದ್ದರು. ಹೀಗಾಗಿ, ‘ಹತ್ರಿ’ ಎಂದರು. ಹಿಂದಿನ ಸೀಟಿನ ಮೇಲೆ ಮಾತ್ರ, ಹೊಸ ಗಾಡಿ ಕೊಳೆಯಾಗಬಾರದೆಂದು, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಹಾಸಿದರು. ದವಾಖಾನೆಗೆ ಒಗೆದ ಸೀರೆ ಉಟ್ಟು ಹೊರಟ ನಾಲ್ವರು, ರಸ್ತೆಯ ಪ್ರತಿ ತಿರುವಿಗೂ ಜಾರುತ್ತಾ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಆರೂ ಮುಕ್ಕಾಲಿಗೆ ರಾಯಚೂರು ಮುಟ್ಟಿದರು.

ಇಳಿದ ಮೇಲೆ ತಾವು ಎಂದಿನಂತೆ ಚುಕ್ಕಿ ಕೇಳಿದಿರಿ. ಐದರಲ್ಲಿ ಎಷ್ಟು ಕೊಡುತ್ತೀರಿ ಎಂದಿರಿ. ದುರುಗಮ್ಮ ಮೂರು ಕೊಟ್ಟಳು. ಪ್ರಭುರಾಜ ಅವರ ಫೋನು ಗಾಡಿಯೊಳಗೇ ಟಿಣ್ ಎಂದಿತು. ‘ಯಾಕ ದುರುಗಮ್ಮ, ಮೂರ?’ ಎಂದರು. ‘ಸೀಟ್ ಜಾರತದ್ರಿ ಯಪ್ಪಾ’ ಎಂದಳು. ಅಷ್ಟೇ ಅಂದದ್ದು. ಮರುದಿನ ಮುಂಜಾನೆ ಪ್ಲಾಸ್ಟಿಕ್ ಇರಲಿಲ್ಲ.

ಮಾನ್ಯರೇ, ಇಲ್ಲಿ ನಾನು ಎದ್ದು ನಿಂತು ತಮಗೆ ಕೈ ಮುಗಿಯಬೇಕು, ಅಣಕಕ್ಕಲ್ಲ, ನಿಜವಾಗಿ. ನಮ್ಮೂರ ಹಳೆಯ ಹೋಟೆಲಿನಲ್ಲಿ ನಮಗೆಂದೇ ಹೊರಗೆ ಗೂಟಕ್ಕೆ ಸಿಕ್ಕಿಸಿದ್ದ ಬೇರೆ ಲೋಟ ತೆಗೆಸಲು ನಾವು ಹನ್ನೊಂದು ದಿನ ಧರಣಿ ಕೂತಿದ್ದೆವು. ಎರಡು ಸಲ ಪೊಲೀಸರು ಎತ್ತಿಕೊಂಡು ಹೋಗಿದ್ದರು. ತಾವು ಎರಡು ಚುಕ್ಕಿ ಕಡಿಮೆ ಮಾಡಿ ಒಂದೇ ದಿನದಲ್ಲಿ ಪ್ಲಾಸ್ಟಿಕ್ ತೆಗೆಸಿದಿರಿ. ಕೇರಿಯ ಹೆಣ್ಣುಮಗಳೊಬ್ಬಳು ದೊಡ್ಡ ಮನೆಯ ಗಂಡಸಿಗೆ ಅಂಕ ಹಾಕುವುದನ್ನು ನಮ್ಮ ಯಾವ ಹಾಡಿನಲ್ಲಿಯೂ ಕನಸು ಕಾಣಲು ನಮಗೆ ಧೈರ್ಯ ಬಂದಿರಲಿಲ್ಲ. ಏಳು ವಾರ ಅದು ನಡೆಯಿತು. ಮೂರನೆಯ ವಾರದಲ್ಲಿ ದುರುಗಮ್ಮ ಮುಂದಿನ ಸೀಟಿಗೆ ಬಂದಳು. ‘ಎಸಿ ಸಣ್ಣದ ಮಾಡ್ರಿ, ತಿಮ್ಮವ್ವಗ ನೆಗಡಿ ಅದ’ ಎಂದರೆ ಸಣ್ಣದಾಗುತ್ತಿತ್ತು. ಪ್ರಭುರಾಜ ಅವರ ತಾಯಿಯ ಮೊಣಕಾಲು ನೋವಿಗೆ ಯಾವ ಡಾಕ್ಟರರ ಬಳಿ ಬೆಳಿಗ್ಗೆ ಸಾಲು ಕಡಿಮೆ ಎಂದು ಹೇಳಿದವಳೂ ದುರುಗಮ್ಮನೇ. ಒಮ್ಮೆ ಅವರು, ‘ಇವತ್ತರೆ ಐದು ಕೊಡ್ತಿಯೇನವಾ?’ ಎಂದು ಕೇಳಿದರಂತೆ. ‘ನೋಡಮು, ಇನ್ನಾ ರಾಯಚೂರು ಬಂದಿಲ್ಲ’ ಎಂದಳಂತೆ ಆಕೆ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಸಣ್ಣ ಕೋರಿಕೆ. ಈ ಚುಕ್ಕಿಗಳನ್ನು ಬರೀ ಕಾರಿನವರಿಗೆ ಮೀಸಲಿಡುವುದು ಅನ್ಯಾಯ. ತಹಶೀಲ್ ಕಚೇರಿಯ ಪ್ರತಿ ಮೇಜಿಗೂ, ರೇಷನ್ ಅಂಗಡಿಯ ತಕ್ಕಡಿಗೂ, ‘ನಾಳೆ ಬರ್ರಿ’ ಎನ್ನುವ ಪ್ರತಿ ಬಾಯಿಗೂ, ಒಳಗೆ ಬರಬೇಡಿ ಎನ್ನುವ ಪ್ರತಿ ಹೊಸ್ತಿಲಿಗೂ ತಾವು ದಯಮಾಡಿ ಐದೈದು ಚುಕ್ಕಿ ಅಂಟಿಸಿ, ಅವನ್ನು ಕೊಡುವ ಕಿತ್ತುಕೊಳ್ಳುವ ಅಧಿಕಾರವನ್ನು ದುರುಗಮ್ಮನ ಅಂಗೈಗೆ ಇಡಬೇಕು. ಇನ್ನೊಂದು ಕೋರಿಕೆ, ತಮ್ಮ ಕೆಂಪು ಸೂಜಿಯನ್ನು ಒಂದು ವಾರದ ಮಟ್ಟಿಗಾದರೂ ಕೇರಿಯಲ್ಲಿ ಬಿಡಾರ ಹೂಡಲು ಕಳಿಸಿಕೊಡಬೇಕು. ಅದು ಊಟಕ್ಕೆ ಏನು ತಿನ್ನುತ್ತದೆಂದು ತಿಳಿಸಿದರೆ ನಮ್ಮಲ್ಲಿ ಇದ್ದದ್ದನ್ನು ಬಡಿಸುತ್ತೇವೆ.

ಈಗ ದೂರಿಗೆ ಬರುತ್ತೇನೆ. ಹೋದ ಬುಧವಾರ ತಾವು ‘ತಮ್ಮ ಸುರಕ್ಷತೆಗಾಗಿ’ ಎಂದು ಹೇಳಿ ಒಂದು ಹೊಸ ನಿಯಮ ತಂದಿರಿ. ಗಾಡಿ ಕರೆಯುವ ಮೊದಲು ಮುಖ ತೋರಿಸಬೇಕು. ಅಂದು ಫೋನಿನ ಪಾಳಿ ತಿಮ್ಮವ್ವನದು. ಅವಳು ಬೆಳಗಿನ ಐದೂವರೆಗೆ ಅಂಗಳದಲ್ಲಿ ನಿಂತು ತಮಗೆ ಮುಖ ತೋರಿಸಿದಳು. ತಾವು, ‘ಈ ಮುಖ ನಿಮ್ಮದಲ್ಲ’ ಎಂದಿರಿ. ನಿದ್ದೆಗಣ್ಣಿಗೆ ಹೀಗಾಗಿರಬೇಕೆಂದು ಆಕೆ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಬಂದಳು. ‘ಈ ಮುಖ ನಿಮ್ಮದಲ್ಲ.’ ಹಿರಿಯರ ಮುಂದೆ ಬರಿತಲೆಯಲ್ಲಿ ನಿಂತದ್ದಕ್ಕೆ ತಮಗೆ ಸಿಟ್ಟು ಬಂದಿರಬಹುದೆಂದು ಸೆರಗು ಹೊದ್ದುಕೊಂಡು ಮೂರನೆಯ ಸಲ ನಿಂತಳು. ತಾವು ಖಾತೆಗೆ ಬೀಗ ಜಡಿದಿರಿ. ‘ದುರುಗಕ್ಕಾ, ಬಾ ಬೇ ಇಲ್ಲಿ, ನನ್ನ ಮುಖ ನಂದಲ್ಲಂತ’ ಎಂದು ಆಕೆ ಕೂಗಿದಾಗ ದುರುಗಮ್ಮ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಓಡಿ ಬಂದು ತನ್ನ ಸ್ವಂತ, ಅಸಲಿ, ತಾವೇ ಫೋಟೋ ಹಿಡಿದ ಮುಖವನ್ನು ತೋರಿಸಿದಳು. ಆಗ ತಾವು, ‘ಸಂಶಯಾಸ್ಪದ ಚಟುವಟಿಕೆಯಿಂದಾಗಿ ಖಾತೆ ಸ್ಥಗಿತ’ ಎಂದು ತೋರಿಸಿದಿರಿ. ಕಟ್ಟಿಗೆ ಆರಿಸಲು ಹೋದರೆ ಸಂಶಯ, ಅಂಗಡಿಯಲ್ಲಿ ಸಾಮಾನು ಮುಟ್ಟಿದರೆ ಸಂಶಯ, ಅಷ್ಟಕ್ಕೆ ನಮ್ಮ ಹೆಣ್ಣುಮಕ್ಕಳು ಒಗ್ಗಿಹೋಗಿದ್ದರು. ಸ್ವಂತ ಮುಖ ಹೊತ್ತು ತಂದರೂ ಸಂಶಯ ಎಂಬುದು ಅವರಿಗೆ ಹೊಸದು. ನಾಲ್ಕು ಮುಖದವನೊಬ್ಬ ಈ ಲೋಕವನ್ನೇ ಹುಟ್ಟಿಸಿದನೆಂದು ನಂಬುವ ದೇಶದಲ್ಲಿ, ನಾಲ್ಕು ಮುಖದ ಒಂದು ಫೋನು ರಾಯಚೂರಿಗೆ ಹೋಗಿ ಬರಬಾರದೇ?

ಬೀಗ ಬಿದ್ದರೂ ಭರವಸೆ ಬಿಡದೆ ನಾಲ್ವರೂ ಕ್ರಾಸಿಗೆ ಬಂದು ನಿಂತರು. ಸರಿಯಾಗಿ ಆರಕ್ಕೆ ಪ್ರಭುರಾಜ ಅವರ ಗಾಡಿ ಬಂತು. ಏಳು ವಾರ ದಿನಾ ಕೂತ ಗಾಡಿ. ತಿಮ್ಮವ್ವ ಕೈಯನ್ನೂ ಎತ್ತಿದಳು. ಗಾಡಿ ಸ್ವಲ್ಪ ನಿಧಾನವಾಗಿ, ನಿಲ್ಲದೆ, ಹೋಗಿಬಿಟ್ಟಿತು. ಕೊನೆಗೆ, ಅಂದು ತಡವಾಗಿ ಹೊರಟಿದ್ದ, ತರಕಾರಿ ಒಯ್ಯುವ ನಿಂಗರಾಜನ ಗೂಡ್ಸ್ ಗಾಡಿಯಲ್ಲಿ ಬದನೆಕಾಯಿ ಚೀಲಗಳ ಮೇಲೆ ಕೂತು ಅವರು ದವಾಖಾನೆ ಮುಟ್ಟಿದಾಗ ಏಳೂ ಹತ್ತು. ತಿಮ್ಮವ್ವನಿಗೆ ಅದು ಮೂರನೆಯ ತಡ. ಅಲ್ಲಿಯ ಸೂಪರ್‌ವೈಸರ್ ಗುರುಸಿದ್ದ ಕೆಟ್ಟ ಮನುಷ್ಯನಲ್ಲ. ‘ನಾ ಏನ್ ಮಾಡ್ಲೆವಾ, ಮಷಿನ್ ಕೆಂಪ್ ತೋರ್ಸ್ಯದ. ಗಾಡಿಯವರ ಕಡಿಂದ, ಅವತ್ತಿನ ತಪ್ಪು ನಮ್ಮದು ಅಂತ ಒಂದ್ ಚೀಟಿ ಬರಸ್ಕೊಂಡ್ ಬಾ, ಮ್ಯಾಲಿನವರಿಗಿ ತೋರ್ಸ್ತೀನಿ. ಸೋಮವಾರ ಮಟ ನಿನ್ನ ಹೆಸರ ಹೊಡಿಯಂಗಿಲ್ಲ’ ಎಂದಿದ್ದಾನೆ. ಮರುದಿನದಿಂದ ಮೂವರು ನಿಂಗರಾಜನ ಗಾಡಿ ಹೊರಡುವ ಐದಕ್ಕೇ ಬದನೆಕಾಯಿಯ ಮೇಲೆ ಹೋಗುತ್ತಿದ್ದಾರೆ. ತಿಮ್ಮವ್ವ ಮನೆಯಲ್ಲಿದ್ದಾಳೆ. ಒಂಬತ್ತು ವರ್ಷ ಮಾಡಿದ ಕೆಲಸ. ಕನ್ನಡಿ ನೋಡಿದಾಗೆಲ್ಲ, ‘ಮಾಸ್ತರ, ಇದು ನಂದ ಹೌದಲ್ಲೋ?’ ಎಂದು ಕೇಳಿ ನಗುತ್ತಾಳೆ. ಆ ನಗು ನನಗೆ ಸರಿಬರುವುದಿಲ್ಲ.

ಇಲ್ಲಿಯೇ ನನ್ನ ನಿಜವಾದ ಅಹವಾಲು ಇರುವುದು, ಮೇಲಿನದೆಲ್ಲ ಪೀಠಿಕೆ. ಸೋಮವಾರದೊಳಗೆ ತಾವು ಒಂದು ಸಾಲು ಬರೆದುಕೊಡಬೇಕು: ‘ಬುಧವಾರ ತಡವಾದದ್ದು ತಿಮ್ಮವ್ವನಿಂದಲ್ಲ, ನಮ್ಮಿಂದ.’ ತಮ್ಮ ಷರತ್ತುಗಳ ಪುಟವನ್ನು ನಾನು ಓದಿದ್ದೇನೆ, ಬೆರಳಿನಿಂದ ತಳ್ಳಿ ತಳ್ಳಿ ಉಗುರು ಸವೆಯಿತು, ತಾವು ಬಹಳ ಬರೆಯಬಲ್ಲಿರಿ. ಈ ಒಂದು ಸಾಲು ತಮಗೆ ಭಾರವಾಗದು. ಸಹಿ ಮಾಡಲು ಕೈ ಇಲ್ಲವೆಂದಾದರೆ ಆನಂದ ಅವರ ಕೈ ಬಳಸಿಕೊಳ್ಳಬಹುದಿತ್ತು; ಆದರೆ ಅವರನ್ನು ತಾವು ‘ಕುರ್ಡಿ ಮಾರ್ಗದಲ್ಲಿ ಏಳು ವಾರಕ್ಕೆ ಒಬ್ಬರೇ ಬಳಕೆದಾರರು’ ಎಂಬ ಕಾರಣಕ್ಕೆ ಬೇರೆ ಜಿಲ್ಲೆಗೆ ಕಳಿಸಿದ್ದೀರೆಂದು ತಿಳಿಯಿತು. ನಾಲ್ವರು ಸ್ವಾಮಿ, ನಾಲ್ವರು. ಮುಖವನ್ನಷ್ಟೇ ಎಣಿಸಿದ್ದರೂ ಲೆಕ್ಕ ಸರಿ ಬರುತ್ತಿತ್ತು. ತಾವೋ ಮುಖ ಕಂಡಾಗ ಬೀ‌ಗ ಹುಡುಕಿದಿರಿ. ಮುಂದಾದರೂ ತಮ್ಮ ಯಂತ್ರಕ್ಕೆ ನಮ್ಮ ಓಣಿಯ ರೂಢಿ ಕಲಿಸಿ, ಬೆಳಿಗ್ಗೆ ಎದ್ದು ‘ನೀ ಯಾರು’ ಎಂದು ಗದರಿಸುವ ಬದಲು, ‘ಇವತ್ತ ಪಾಳಿ ಯಾರದವಾ?’ ಎಂದು ವಿಚಾರಿಸಲು ಹೇಳಬೇಕು.

ಪ್ರಭುರಾಜ ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೂ ಅವರ ಮಾತನ್ನು ತಾವು ಕೇಳಬೇಕು. ಗುರುವಾರ ಸಂಜೆ ಗಂಜಿನಿಂದ ಮರಳುವಾಗ ಅವರು ರೂಢಿಯಂತೆ ನೂರ್ ಬೀಯ ಅಂಗಡಿಗೆ ಚಹಾಕ್ಕೆ ನಿಂತಾಗ ದುರುಗಮ್ಮ ಅಲ್ಲಿಯೇ ಇದ್ದಳು. ‘ಯಾಕ್ರಿ ಯಪ್ಪಾ, ನಿನ್ನೆ ನಿಂದ್ರಲಿಲ್ಲ?’ ಎಂದಳು. ‘ನಿಮ್ಮನ್ನ ನೋಡಿದ್ನೆವಾ ಖರೆ, ಆದ್ರ ಫೋನ್ ಹೊಡ್ಕೊಳ್ಳಿಲ್ಲಲ್ಲ’ ಎಂದರು. ಹಾಸ್ಯಕ್ಕಲ್ಲ ಮಾನ್ಯರೇ, ಮನುಷ್ಯ ಪ್ರಾಮಾಣಿಕವಾಗಿಯೇ ಹೇಳಿದ್ದು. ಮುಂಚೆ ಅವರಿಗೆ ನಾವು ಕಾಣುತ್ತಿರಲಿಲ್ಲ. ತಾವು ಬಂದು ಟಿಣ್ ಎಂದ ಮೇಲೆ ಕಂಡೆವು. ತಾವು ಸುಮ್ಮನಾದ ಕೂಡಲೇ ಮತ್ತೆ ಕಾಣದಾದೆವು. ದುರುಗಮ್ಮ, ‘ಹಂಗಾರ ಫೋನ್‌ಗಿ ಕಣ್ಣ್ ಅದಾವು, ನಿಮಗಿಲ್ಲ’ ಎಂದು ಹೇಳಿ, ಅವರೆದುರಿಗೇ ತಾವು ತೂಗುಹಾಕಿದ್ದ ನೀಲಿ ಹಲಗೆಯನ್ನು ಇಳಿಸಿದಳು, ತಿರುಗಿಸಿದಳು, ಮತ್ತೆ ತೂಗುಹಾಕಿದಳು. ಹಿಂಬದಿ ಖಾಲಿ ಇತ್ತು. ಒಲೆಯ ಇದ್ದಿಲಿನಿಂದ ನೂರ್ ಬೀಯ ಕೈಯಲ್ಲಿ ಎರಡು ಹೆಸರು ಬರೆಸಿದಳು. ನಿಂಗರಾಜ: ಐದು ಚುಕ್ಕಿ. ಪ್ರಭುರಾಜ: ಹೆಸರು ಮಾತ್ರ.

ಅಂದಿನಿಂದ ಕ್ರಾಸಿನಲ್ಲಿ ಚಹಾ ಕುಡಿಯುವವರೆಲ್ಲ ಮೊದಲು ಹಲಗೆ ಓದುತ್ತಾರೆ. ನೀರಮಾನ್ವಿ ಯಲ್ಲಮ್ಮನಿಗೆ ಹೊರಟವರು ಸಹ ಬಸ್ಸಿನ ಕಿಟಕಿಯಿಂದ ಬಗ್ಗಿ, ‘ಯಾರ ಅದು ಪ್ರಭುರಾಜ?’ ಎಂದು ಕೇಳುತ್ತಾರೆ. ನೂರ್ ಬೀ ಕೇಳದಿದ್ದವರಿಗೂ ಹೇಳುತ್ತಾಳೆ. ಇವತ್ತು ಶನಿವಾರ. ಹಲಗೆಯ ಮೇಲೆ ಒಂಬತ್ತು ಗಾಡಿಗಳ ಹೆಸರಿವೆ, ಕೆಳಗೆ ನಿಂತು ಗಾಡಿ ಹತ್ತುವವರು ನಲವತ್ತರ ಮೇಲಾಗಿದ್ದಾರೆ. ತಾವು ಸ್ಟೀಲ್ ಬಾಟಲಿ ಹಿಡಿದು ಜಿಲ್ಲೆಯೆಲ್ಲ ಹುಡುಕಿದ ಮೊದಲ ಬಳಕೆದಾರರು ಇವರೇ. ಇಲ್ಲಿ ಯಾರಿಗೂ ಬಾಟಲಿ ಕೊಟ್ಟಿಲ್ಲ.

ಸೋಮವಾರದವರೆಗೆ ತಮ್ಮ ಒಂದು ಸಾಲಿಗಾಗಿ ಕಾಯುತ್ತಾ,

ಮುಖ ಗುರುತಿಸಿದರೆ ತಮ್ಮ ವಿಶ್ವಾಸಿ, ಗುರುತಿಸದಿದ್ದರೂ ತಮ್ಮ ವಿಶ್ವಾಸಿಯೇ ಆದ,
ತಾಯಣ್ಣ
ಕುರ್ಡಿ, ಮಾನ್ವಿ ತಾಲ್ಲೂಕು
(ಸೂಜಿ ಚುಚ್ಚುವ ಸ್ಥಳ: ಕೇರಿ. ಒಲ್ಲೆನ್ನುವವರು ಈಗಲೇ ಒಲ್ಲೆನ್ನಬಹುದು.)

ಮರೆತ ಮಾತು: ಈ ಪತ್ರದ ಪ್ರತಿಯನ್ನು ಶನಿವಾರವೇ ತಮಗೆ ಕಳಿಸಿದ್ದೆ. ನಾಲ್ಕು ಜನ ಓದುವ ಜಾಗಕ್ಕೆ ಕಳಿಸುವ ಮೊದಲೇ ಸೋಮವಾರ ಬಂತು, ತಮ್ಮ ಸಾಲು ಬರಲಿಲ್ಲ. ‘ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಸಂದೇಶ ಬಂತು, ಅದನ್ನು ಟ್ರಂಕಿನ ತಳಕ್ಕೆ ಇಟ್ಟಿದ್ದೇವೆ. ಸಾಲಿನ ಚಿಂತೆ ತಮಗೆ ಇನ್ನು ಬೇಡ. ಭಾನುವಾರ ಸಂಜೆ ಪ್ರಭುರಾಜ ಅವರು ಚಹಾ ಆರುವ ತನಕ ಹಲಗೆಯನ್ನೇ ನೋಡುತ್ತಾ ಕೂತು, ‘ದುರುಗಮ್ಮ, ಒಂದರೆ ಹಾಕವಾ, ಗಂಜಿನ್ಯಾಗ ಹಮಾಲರು ಸೈತ ಕೇಳಾಕತ್ತ್ಯಾರ’ ಎಂದರು. ‘ಬರದ್ ಕೊಡ್ರಿ’ ಎಂದಳು. ಅಡತಿ ಅಂಗಡಿಯ ಚೀಟಿಯ ಮೇಲೆ, ಸ್ವಂತ ಕೈಯಿಂದ, ‘ಬುಧವಾರ ನಾಲ್ವರು ನಿಂತದ್ದನ್ನು ನೋಡಿಯೂ ನಾನು ಗಾಡಿ ನಿಲ್ಲಿಸಲಿಲ್ಲ. ತಡವಾದ ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದರು. ಇವತ್ತು ಆರಕ್ಕೆ ಗಾಡಿ ನಿಂತಿತು, ಯಾವ ಫೋನೂ ಹೊಡೆದುಕೊಂಡಿರಲಿಲ್ಲ. ಗುರುಸಿದ್ದ ಚೀಟಿ ತೆಗೆದುಕೊಂಡ, ತಿಮ್ಮವ್ವ ಹೆಬ್ಬೆಟ್ಟು ಒತ್ತಿದಳು, ಯಂತ್ರ ಹಸಿರು ತೋರಿಸಿತು. ಪ್ರಭುರಾಜ ಅವರ ಹೆಸರಿನ ಮುಂದೆ ಈಗ ಒಂದು ಚುಕ್ಕಿ ಇದೆ, ಉಳಿದ ನಾಲ್ಕಕ್ಕೆ ದಿನಾ ಬರುತ್ತೇನೆಂದಿದ್ದಾರೆ.

ತಮ್ಮ ಹಲಗೆ ಕ್ಷೇಮವಾಗಿದೆ, ಅದರ ಮುಖವಷ್ಟೇ ಗೋಡೆಯ ಕಡೆಗಿದೆ. ಅದನ್ನು ತಿರುಗಿಸಿಕೊಳ್ಳಲು ತಾವು ಬರುವುದಾದರೆ ಅವಶ್ಯ ಬನ್ನಿ, ನೂರ್ ಬೀ ಚಹಾ ಕೊಡುತ್ತಾಳೆ. ಆದರೆ ಕ್ರಾಸಿನಲ್ಲಿ ನಿಂತು ಮುಖ ತೋರಿಸಬೇಕು, ನಮ್ಮ ಸುರಕ್ಷತೆಗಾಗಿ. ನೋಡಿ ಹೇಳುವವಳು ತಿಮ್ಮವ್ವ. ಮೂರು ಸಲ ಅವಕಾಶವಿದೆ.